ಮೀನಿಗೊಂದು ಕುಚ್ಚು: ಕ್ರಾಪಿ ಜಿಗ್ ಕಟ್ಟಿದ ನನ್ನ ಅನುಭವ

"ಅಂಗಡೀಲಿ ಪ್ಯಾಕೆಟ್ ಸಿಗುತ್ತೆ, ನೀನ್ಯಾಕೆ ರಾತ್ರಿಯೆಲ್ಲ ಕೂತು ಪುಕ್ಕ ಕಟ್ತೀಯ ಮಾರಾಯ?" ಅಂತ ನನ್ನ ಜೊತೆ ಗಾಳ ಹಾಕುವ ಗೆಳೆಯರು ಎರಡು ವರ್ಷ ಆಡಿಕೊಂಡರು. ನಾನು ಕಟ್ಟುವುದು ಜಿಗ್, ಅಂದರೆ ಸೀಸದ ತಲೆಯ ಕೊಕ್ಕೆಗೆ ಪುಕ್ಕದ ಬಾಲ ಕಟ್ಟಿದ ನಕಲಿ ಎರೆ. ಈ ಮಾರ್ಚಿನಲ್ಲಿ ಅಮೆರಿಕದ ಜೋರ್ಡನ್ ಲೇಕಿನ ಸೇತುವೆ ಹತ್ತಿರ ಒಂದೇ ಬೆಳಿಗ್ಗೆ ಹದಿನೇಳೋ ಹದಿನೆಂಟೋ ಕ್ರಾಪಿ (ಇಲ್ಲಿನ ಸಿಹಿನೀರಿನ ಮೀನು) ಎತ್ತಿದೆ. ಅವರ ಅಂಗಡಿಯ ಪ್ಲಾಸ್ಟಿಕ್ ಎರೆಗೆ ನಾಲ್ಕು ಬಿತ್ತು. ಈಗ ಅವರೇ "ಎರಡು ಕೊಡೋ" ಅಂತಾರೆ.

ನಾನು ತೀರ್ಥಹಳ್ಳಿ ಕಡೆಯವನು. ತುಂಗೆಯಲ್ಲಿ ಬಿದಿರು ಕೋಲು, ಎರೆಹುಳ, ಅಷ್ಟೇ ನಮ್ಮ ಸಾಮಾನು. ನಾರ್ತ್ ಕೆರೊಲೈನಾಕ್ಕೆ ಬಂದ ಮೇಲೆ ಈ ಜಿಗ್ಗಿನ ಹುಚ್ಚು ಹತ್ತಿತು. ದಾರ ಸುತ್ತುವುದು, ವಿಪ್ ಫಿನಿಶ್ (ದಾರ ಬಿಚ್ಚದಂತೆ ಕೊನೆಯ ಗಂಟು) ಹಾಕುವುದು ನಿಮಗೆ ಗೊತ್ತಿರುತ್ತೆ. ನಾನು ದುಡ್ಡು ಕಳೆದುಕೊಂಡ ಕಥೆ ಹೇಳುತ್ತೇನೆ.

ಕಟ್ಟುವಾಗ ಕೊಕ್ಕೆ ಹಿಡಿದಿಡುವ ವೈಸ್, ಮೊದಲನೆಯದನ್ನು ಹದಿನೆಂಟು ಡಾಲರಿಗೆ ತಂದೆ. ದಾರ ಸ್ವಲ್ಪ ಬಿಗಿ ಎಳೆದರೆ ಕೊಕ್ಕೆ ಜಾರುತ್ತಿತ್ತು. ಎರಡನೆಯದಕ್ಕೆ ಅರವತ್ತರ ಹತ್ತಿರ ಆಯಿತು, ಅದು ಇವತ್ತಿಗೂ ಗಟ್ಟಿಯಾಗಿದೆ. 70 ಡೆನಿಯರಿನ ತೆಳು ದಾರ ಪಟಪಟ ಹರಿಯಿತು, ದಪ್ಪನೆಯ 140ಕ್ಕೆ ಬಂದೆ. ಮೊದಲ ವರ್ಷ ಎಲ್ಲ ಸೇರಿ ಮುನ್ನೂರು ಡಾಲರ್ ಹೋಗಿರಬೇಕು. ಮನೆಯಲ್ಲಿ ನೂರೈವತ್ತು ಅಂದಿದ್ದೇನೆ.

ಅದರಲ್ಲಿ ದೊಡ್ಡ ದಂಡ ಅಂದರೆ ಸೀಸ. ತಲೆಗಳನ್ನೂ ನಾನೇ ಎರಕ ಹೊಯ್ಯುತ್ತೇನೆ ಅಂತ ಅಚ್ಚು, ಪಾತ್ರೆ ಎಲ್ಲ ತಂದೆ. ಗ್ಯಾರೇಜಿನಲ್ಲಿದ್ದ ಅಚ್ಚಿಗೆ ಸ್ವಲ್ಪ ತೇವ ಹಿಡಿದಿತ್ತು, ನಾನು ನೋಡಲಿಲ್ಲ. ಕರಗಿದ ಸೀಸ ಬಿದ್ದದ್ದೇ ತಡ, ಒಗ್ಗರಣೆಗೆ ನೀರು ಬಿದ್ದಂತೆ ಚಟಾರನೆ ಸಿಡಿಯಿತು. ಕನ್ನಡಕ ಇತ್ತು, ಬಚಾವಾದೆ. ಮುಂಗೈ ಮೇಲೆ ಕಲೆ ಈಗಲೂ ಇದೆ. ಅಚ್ಚನ್ನು ಅರ್ಧ ಬೆಲೆಗೆ ಮಾರಿದೆ. ಹೊಸಬರು ಸುಮ್ನೆ ಬರೀ ತಲೆಗಳನ್ನು ಕೊಂಡುಕೊಳ್ಳಿ. 1/32 ಔನ್ಸ್, 4ನೇ ನಂಬರ್ ಕೊಕ್ಕೆ ಸಾಕು. ಗಾಳಿ ಜಾಸ್ತಿ ಇದ್ದರೆ 1/16. ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡಿ.

ಬಣ್ಣವನ್ನು ಮಾತ್ರ ನಾನೇ ಹಾಕುತ್ತೇನೆ. ತಲೆಯನ್ನು ಹೀಟ್ ಗನ್ನಿನಲ್ಲಿ (ಬಿಸಿಗಾಳಿ ಊದುವ ಯಂತ್ರ) ಬಿಸಿ ಮಾಡಿ, ಪೌಡರ್ ಪೇಂಟಿನಲ್ಲಿ (ಪುಡಿ ಬಣ್ಣ) ಅದ್ದಿ, 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಇಪ್ಪತ್ತು ನಿಮಿಷ ಬೇಯಿಸುವುದು. ಇದಕ್ಕೇ ಅಂತ ಹಳೇ ಟೋಸ್ಟರ್ ಓವನ್ ಒಂದು ಇಟ್ಟಿದ್ದೇನೆ. ಅಡುಗೆಮನೆಯ ಓವನ್ನಿಗೆ ಕೈ ಹಾಕಿದ್ದು ಒಂದೇ ಸಲ. ಆಮೇಲೆ ನಡೆದದ್ದು ಬೇಡ ಬಿಡಿ. ಕೊಕ್ಕೆಯ ಕಣ್ಣಿಗೆ ಬಣ್ಣ ತುಂಬಿದ್ದರೆ ಬೇಯಿಸುವ ಮೊದಲೇ ಸೂಜಿಯಿಂದ ಬಿಡಿಸಿ. ಗಟ್ಟಿಯಾದ ಮೇಲೆ, ಕೆರೆ ದಡದಲ್ಲಿ, ಚಳಿಯಲ್ಲಿ... ಬೈಗುಳ ಬರುತ್ತೆ.

ಇಷ್ಟಾದರೂ ಮೀನು ಮಾತ್ರ ಬೀಳಲಿಲ್ಲ. ಟಕ್ ಅಂತ ಬಾಲ ಎಳೆದು ಬಿಟ್ಟುಬಿಡುತ್ತಿತ್ತು. ಬಣ್ಣ ಬದಲಿಸಿದೆ, ದಾರ ಬದಲಿಸಿದೆ, ಜಾಗ ಬದಲಿಸಿದೆ. ಆ ಚಳಿಗಾಲ ಅಮ್ಮ ಊರಿಂದ ಬಂದಿದ್ದಳು. ಅವಳು ಸೀರೆಗೆ ಕುಚ್ಚು ಕಟ್ಟುವವಳು, ಕೈ ಪಳಗಿದೆ. ನನ್ನ ಜಿಗ್ ಎತ್ತಿ ನೋಡಿ, "ಎಳೆ ಜಾಸ್ತಿಯಾಯ್ತು ಕಣೋ. ಕುಚ್ಚು ಅಂತ ಪೊರಕೆ ಕಟ್ಟಿದ್ದೀಯ" ಅಂದಳು.

ಅದೇ ಸರಿ. ನಾನು ಹಾಕುತ್ತಿದ್ದ ಮ್ಯಾರಬೂ ಪುಕ್ಕದ ಮೂರನೇ ಒಂದು ಪಾಲು ಸಾಕಿತ್ತು. (ಈ ಮ್ಯಾರಬೂ ಹೆಸರು ಒಂದು ಕೊಕ್ಕರೆಯದು, ಈಗ ಬರುವ ಪುಕ್ಕ ಟರ್ಕಿ ಕೋಳಿಯದು!) ಒಣಗಿದ್ದಾಗ ನೋಡಲು ಬಡಕಲು ಅನ್ನಿಸಬೇಕು. ಲೋಟದ ನೀರಲ್ಲಿ ಅದ್ದಿ ನೋಡಿ, ಎಳೆ ಎಳೆಯಾಗಿ ಅಲುಗಾಡಿದರೆ ಸರಿ, ಮುದ್ದೆಯಾದರೆ ಕಿತ್ತು ಹಾಕಿ. ಬಾಲವೂ ಕೊಕ್ಕೆಯ ಉದ್ದಕ್ಕಿಂತ ಜಾಸ್ತಿ ಚಾಚಬಾರದು. ಉದ್ದ ಆಗಿದ್ದರೆ ಕತ್ತರಿ ಹಾಕಬೇಡಿ, ಉಗುರಲ್ಲಿ ಚಿವುಟಿ. ಕತ್ತರಿಸಿದ ತುದಿ ಕುಂಚದ ಹಾಗೆ ಮೊಂಡಾಗುತ್ತೆ.

ಇನ್ನೊಂದು. ಜಿಗ್ ನೀರಲ್ಲಿ ಅಡ್ಡಡ್ಡ ತೂಗಬೇಕು. ಗಾಳದ ದಾರದ ಗಂಟು ಕೊಕ್ಕೆಯ ಕಣ್ಣಿನ ಮುಂದಕ್ಕೆ ಜಾರಿದರೆ ನೇತಾಡುತ್ತೆ. ಪ್ರತಿ ಮೀನು ಬಿಡಿಸಿದ ಮೇಲೆ ಗಂಟನ್ನು ಮೇಲಕ್ಕೆ ಸರಿಸುತ್ತೇನೆ. ಮತ್ತೆ, ಕಚ್ಚಿದ ಕೂಡಲೇ ಜಗ್ಗಬೇಡಿ. ಕ್ರಾಪಿ ಬಾಯಿ ಹಪ್ಪಳದಷ್ಟು ತೆಳು.

ಅಮ್ಮನ ಡಬ್ಬಿಯಿಂದ ರೇಷ್ಮೆ ದಾರ ಕದ್ದು ಬಾಲ ಮಾಡಿ ನೋಡಿದೆ. ನೀರಿಗೆ ಬಿದ್ದ ಕೂಡಲೇ ಬತ್ತಿಯ ಹಾಗೆ ಅಂಟಿಕೊಂಡಿತು. ಹಳೇ ಸೀರೆಯ ಜರಿ ಮಾತ್ರ ಪರವಾಗಿಲ್ಲ. ಪಕ್ಕಕ್ಕೆ ಒಂದೇ ಎಳೆ ಸೇರಿಸಿದರೆ ಮಿಣಕ್ ಅನ್ನುತ್ತೆ. ನಾಲ್ಕೈದು ಮೀನಿಗೆ ಬಿಚ್ಚಿಕೊಳ್ಳುತ್ತೆ, ಹಾಗಾಗಿ ಗಂಟಿನ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ. ಬಾಟಲಿ ಹೆಂಡತಿಯದು.

ಬಣ್ಣ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಮಳೆ ಬಂದು ನೀರು ಕೆಂಪಾಗಿದ್ದರೆ ಕಪ್ಪು ಮೈ, ಶಾರ್ಟ್‌ರೂಸ್ (ಹಸಿರು ಹಳದಿ) ಬಾಲ. ತಿಳಿ ಇದ್ದರೆ ಬಿಳಿ. ಮಾರ್ಚಿನ ಆ ಬೆಳಿಗ್ಗೆ ಹಾಕಿದ್ದು ಮೂರನೆಯದು. ಅದನ್ನು ತಮ್ಮನಿಗೂ ಹೇಳಿಲ್ಲ.

ಈಗ ಒಂದು ಜಿಗ್ಗಿಗೆ ಹೆಚ್ಚುಕಮ್ಮಿ ಮೂವತ್ತೈದು ಸೆಂಟ್ ಬೀಳುತ್ತೆ, ನನ್ನ ಕೂಲಿ ಬಿಟ್ಟು. ಮುಳುಗಿದ ಮರದ ಕೊಂಬೆಗೆ ದಿನಕ್ಕೆ ಐದಾರು ಬಲಿ. ಆಡಿಕೊಂಡ ಗೆಳೆಯರಿಗೆ ಒಂದಕ್ಕೆ ಒಂದೂವರೆ ಡಾಲರ್. ಜರಿ ಬೇಕಿದ್ದರೆ ಎರಡು.