ಮೊದಲು ಪಡು ಕಿಟಕಿ: ಹೊಸ ಮನೆಗೆ ಕಡಿಮೆ ಖರ್ಚಿನ ಬ್ಲೈಂಡ್ಸ್ ಆರಿಸುವುದು ಹೇಗೆ?

ಅಡಕೆ ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಂಜೆ ಬಿಸಿಲು ನೇರ ಬಡಿಯುವ ತೆಂಕು–ಪಡು ಬದಿಯ ಮರಗಳ ಕಾಂಡ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದಾಗಿ ಸೀಳು ಬಿಡುತ್ತದೆ. ಹಾಗಾಗಿ ಆ ಬದಿಯ ಮರಗಳಿಗೆ ಸೋಗೆ ಕಟ್ಟುತ್ತೇವೆ, ಇಲ್ಲವೇ ಸುಣ್ಣ ಬಳಿಯುತ್ತೇವೆ. ಸಸಿ ನೆಡುವಾಗ ತೆಂಕು–ಬಡಗು ಸಾಲನ್ನು ಪಡುವಣಕ್ಕೆ 35 ಡಿಗ್ರಿ ವಾಲಿಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದೂ ಇದೇ ಕಾರಣಕ್ಕೆ. ಇಡೀ ತೋಟಕ್ಕೆ ಸೋಗೆ ಕಟ್ಟುವವರು ಯಾರೂ ಇಲ್ಲ, ಅಲ್ವಾ?

ಮನೆಯ ಕಿಟಕಿಗೂ ಇದೇ ಲೆಕ್ಕ ಸಾಕು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಅಕ್ಕ–ಭಾವ ಮನೆ ಕಟ್ಟಿದಾಗ ಹನ್ನೊಂದು ಕಿಟಕಿಗೂ ಒಂದೇ ಬಣ್ಣದ, ಒಂದೇ ಬಗೆಯ ದಪ್ಪ ಬ್ಲ್ಯಾಕೌಟ್ ರೋಲರ್ (ಬೆಳಕನ್ನು ಪೂರ್ತಿ ತಡೆಯುವ, ಮೇಲೆ ಸುರುಳಿ ಸುತ್ತಿಕೊಳ್ಳುವ ಬ್ಲೈಂಡ್) ಹಾಕಿಸಿದರು. ಮನೆ ಒಕ್ಕಲಿನ ದಿನ ನೋಡಲು ಚೆನ್ನಾಗಿತ್ತು. ಮಳೆಗಾಲ ಮುಗಿದ ಮೇಲೆ ಬಡಗು ಕೋಣೆಯ ಬ್ಲೈಂಡ್ ಕೆಳಗೆ ಎಳೆದೆವು. ಮುಗ್ಗುಲು ವಾಸನೆ ಬಂತು. ಕೆಳಗಿನ ಪಟ್ಟಿಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ನಾಲ್ಕು ತಿಂಗಳು ಅದನ್ನು ಯಾರೂ ಬಿಚ್ಚಿರಲಿಲ್ಲ, ಬಿಚ್ಚುವ ಅಗತ್ಯವೂ ಬಂದಿರಲಿಲ್ಲ. ಆ ಕಿಟಕಿಗೆ ಬ್ಲೈಂಡೇ ಬೇಕಾಗಿರಲಿಲ್ಲ. ಅಕ್ಕ ಮಾಡಿದ ಖರ್ಚು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲ ಹೆಜ್ಜೆ: ಒಂದು ದಿನ ಬಿಸಿಲು ನೋಡಿ

ಅಂಗಡಿಗೆ ಹೋಗುವ ಮೊದಲು ಮನೆಯ ಪ್ಲ್ಯಾನ್ ಕಾಗದ ತೆಗೆದುಕೊಳ್ಳಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಎಲ್ಲ ಕೋಣೆ ಸುತ್ತಿ. ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕಿ.

ನಮ್ಮ ಊರಿಗೆ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗ ಮಧ್ಯಾಹ್ನದ ಬಿಸಿಲನ್ನು ಕಿಟಕಿ ಮೇಲಿನ ಸಜ್ಜಾವೇ ತಡೆಯುತ್ತದೆ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ತೆಂಕಕ್ಕೆ ವಾಲಿರುವುದರಿಂದ ತೆಂಕು ಕಿಟಕಿಯೊಳಗೆ ಬಿಸಿಲು ಬರುತ್ತದೆ, ಆದರೆ ಆ ದಿನಗಳಲ್ಲಿ ಅದು ಅಷ್ಟು ಕಾಡುವುದಿಲ್ಲ. ಕಾಡುವುದು ಪಡು ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಸೂರ್ಯ ತಗ್ಗುತ್ತಾ ಹೋಗುತ್ತಾನೆ. ಸಜ್ಜಾ ಎಷ್ಟು ಅಗಲ ಇದ್ದರೂ ಬಿಸಿಲು ಅದರ ಅಡಿಯಿಂದ ನುಗ್ಗುತ್ತದೆ. ಹಳೆಯ ಹಂಚಿನ ಮನೆಗಳಲ್ಲಿ ಮಾಡು ತಗ್ಗಾಗಿ ಇಳಿದಿರುತ್ತಿತ್ತು, ಜಗಲಿ ಇತ್ತು, ಕಿಟಕಿಯೂ ಸಣ್ಣದು. ಈಗಿನ ತಾರಸಿ ಮನೆಯಲ್ಲಿ ಮೂರು ಬಾಗಿಲ ದೊಡ್ಡ ಗಾಜಿನ ಕಿಟಕಿ ಇಡುತ್ತೇವೆ.

ಬಿಸಿಲಿಗಾಗಿ ಬೇಕಾದ ಕಿಟಕಿ, ಮರೆಗಾಗಿ ಬೇಕಾದ ಕಿಟಕಿ, ಏನೂ ಬೇಡದ ಕಿಟಕಿ ಎಂದು ಕಾಗದದ ಮೇಲೆ ಬೇರೆ ಮಾಡಿ. ಅಕ್ಕನ ಮನೆಯಲ್ಲಿ ಹೀಗೆ ಎಣಿಸಿದರೆ ಹನ್ನೊಂದರಲ್ಲಿ ಬಿಸಿಲಿನವು ಬರೇ ಮೂರು.

ಸಾಧ್ಯವಾದರೆ ಹೊರಗೇ ತಡೆಯಿರಿ

ಬ್ಲೈಂಡ್ ಅಂಗಡಿಯವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಬಟ್ಟೆಗೆ ಬಡಿದರೆ, ಬಟ್ಟೆ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ಗಾಜಿಗಿಂತ ಹೊರಗೆ ತಡೆದರೆ ಕಾವು ಹೊರಗೇ ಹೋಗುತ್ತದೆ. ಹಾಗಾಗಿ ಪಡು ಕಿಟಕಿಗೆ ಮೊದಲ ಖರ್ಚು ಹೊರಗೆ ಇರಲಿ. ನರ್ಸರಿಗೆ ಕಟ್ಟುವ ಶೇಡ್ ನೆಟ್ ಸಾಕು. 50, 75, 90 ಶೇಕಡಾ ನೆರಳಿನವು ಸಿಗುತ್ತವೆ. 75ರದ್ದು ತಂದು, ಗೋಡೆಯಿಂದ ಒಂದೆರಡು ಅಡಿ ದೂರಕ್ಕೆ ಪೈಪು ಕಟ್ಟಿ ಇಳಿಬಿಡಿ. ಗಾಳಿ ಆಡುತ್ತದೆ, ಮಳೆಗಾಲಕ್ಕೆ ಬಿಚ್ಚಿ ಮಡಚಿಡಬಹುದು. ಜಾಗ ಇದ್ದರೆ ಅದೇ ಪೈಪಿಗೆ ಫ್ಯಾಷನ್ ಫ್ರೂಟ್ ಬಳ್ಳಿ ಹಬ್ಬಿಸಿ. ಇದಾದ ಮೇಲೆ ಒಳಗೆ ತೆಳ್ಳನೆಯ, ಅಗ್ಗದ ಬ್ಲೈಂಡ್ ಹಾಕಿದರೂ ಕೋಣೆ ತಂಪಾಗಿರುತ್ತದೆ.

ಯಾವ ಕೋಣೆಗೆ ಯಾವುದು

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯವರಿಗೆ ಉಪ್ಪುಗಾಳಿಯೂ ಸೇರಿತು. ಬಣ್ಣ ನೋಡುವ ಮೊದಲು ಇದನ್ನು ನೆನಪಿಡಿ.

ಮಲಗುವ ಕೋಣೆಗೆ ಪಾಲಿಯೆಸ್ಟರ್ ಬಟ್ಟೆಯ ರೋಲರ್ ಬ್ಲೈಂಡ್ ಒಳ್ಳೆಯದು. ಹತ್ತಿ ಬಟ್ಟೆಯಷ್ಟು ತೇವ ಹೀರುವುದಿಲ್ಲ, ಬೇಗ ಒಣಗುತ್ತದೆ. ತಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಬ್ಲ್ಯಾಕೌಟ್ ಬೇಕಾಗುವುದು ಹಗಲು ಮಲಗುವವರಿಗೆ, ಪುಟ್ಟ ಮಗು ಇರುವವರಿಗೆ. ಉಳಿದವರಿಗೆ ಅದು ಜಾಸ್ತಿ.

ಚಾವಡಿಗೆ ಸನ್‌ಸ್ಕ್ರೀನ್ ಬಟ್ಟೆ ತೋರಿಸುತ್ತಾರೆ. ಅದರಲ್ಲಿ 3, 5, 10 ಶೇಕಡಾ ಎಂದು ಬರೆದಿರುತ್ತದೆ. ನೇಯ್ಗೆಯಲ್ಲಿ ಎಷ್ಟು ಭಾಗ ತೂತು ಇದೆ ಎಂಬ ಲೆಕ್ಕ ಅದು. ಪಡುವಣಕ್ಕೆ 3 ಅಥವಾ 5 ಇರಲಿ. ಹಗಲಲ್ಲಿ ಇದರಿಂದ ನಮಗೆ ಅಂಗಳ ಕಾಣುತ್ತದೆ, ಹೊರಗಿನವರಿಗೆ ನಾವು ಕಾಣುವುದಿಲ್ಲ. ರಾತ್ರಿ ಒಳಗೆ ಲೈಟ್ ಹಾಕಿದರೆ ಉಲ್ಟಾ. ರಸ್ತೆ ಬದಿಯ ಮನೆಯಾದರೆ ಜೊತೆಗೊಂದು ಕರ್ಟನ್ ಬೇಕೇ ಬೇಕು. ತೆಳು–ದಪ್ಪ ಪಟ್ಟೆಗಳು ಒಂದಾದ ಮೇಲೊಂದು ಬರುವ ಜೀಬ್ರಾ ಬ್ಲೈಂಡ್ ಎರಡೂ ಕೆಲಸ ಮಾಡುತ್ತದೆ, ಆದರೆ ಬಟ್ಟೆ ಎರಡು ಪದರ ಬರುವುದರಿಂದ ಬೆಲೆ ಏರುತ್ತದೆ.

ಅಡುಗೆಮನೆಗೆ ಬಟ್ಟೆ ಬೇಡ. ಒಗ್ಗರಣೆ ಹೊಗೆ, ತೆಂಗಿನೆಣ್ಣೆ ಜಿಡ್ಡು ಹಿಡಿದರೆ ಬಿಡುವುದಿಲ್ಲ, ಒಲೆ ಹತ್ತಿರವಾದರೆ ಬೆಂಕಿಯ ಭಯ ಬೇರೆ. ಅಲ್ಯೂಮಿನಿಯಂ ಪಟ್ಟಿಯ ವೆನೀಷಿಯನ್ ಬ್ಲೈಂಡ್ ಆದರೆ ಸಾಬೂನು ನೀರಲ್ಲಿ ಒರೆಸಬಹುದು. ಬಚ್ಚಲುಮನೆಗೆ ಗಾಜಿಗೆ ಅಂಟಿಸುವ ಮಸುಕು ಸ್ಟಿಕರ್ ಸಾಕು.

ಸಿಟೌಟಿಗೆ (ಮನೆಯೆದುರಿನ ತೆರೆದ ಜಗಲಿಗೆ) ಬಿದಿರಿನ ಬ್ಲೈಂಡ್ ಕಣ್ಣಿಗೆ ಬಹಳ ಚಂದ. ಆದರೆ ಮಳೆ ಎರಚಲು ಬಡಿಯುವಲ್ಲಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಕುಟ್ಟೆ ಹುಳ. ವರ್ಷಕ್ಕೊಮ್ಮೆ ವಾರ್ನಿಷ್ ಹೊಡೆಯುವ ತಾಳ್ಮೆ ಇದ್ದರೆ ಮಾತ್ರ ತನ್ನಿ.

ಮರೆ ಮಾತ್ರ ಬೇಕಾದ ಕಿಟಕಿಗೆ ಬ್ಲೈಂಡ್ ಬದಲು ಕೈಮಗ್ಗದ ಕರ್ಟನ್ ಹಾಕಿ ಎಂದೇ ನಾನು ಹೇಳುವುದು. ಪಕ್ಕದ ಕಣ್ಣೂರಿನ ಕೈಮಗ್ಗದ ಗೃಹಬಳಕೆ ಬಟ್ಟೆಗಳಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೇ ಇದೆ. ಬಟ್ಟೆ ತಂದು ಊರಿನ ಟೈಲರ್ ಹತ್ತಿರ ಹೊಲಿಸಿದರಾಯಿತು. ಹತ್ತಿಯೇ ಆದರೂ ಬಿಚ್ಚಿ ಒಗೆದು ಬಿಸಿಲಿಗೆ ಹಾಕಬಹುದು. ರೋಲರ್ ಬಟ್ಟೆಯನ್ನು ಹಾಗೆ ಒಗೆಯಲಾಗುವುದಿಲ್ಲ.

ಅಳತೆ: ಇಲ್ಲಿ ಅವಸರ ಬೇಡ

ಸ್ಟೀಲ್ ಟೇಪನ್ನೇ ಬಳಸಿ. ಬಟ್ಟೆ ಟೇಪು ಜಗ್ಗುತ್ತದೆ. ಕಿಟಕಿಯ ಗೂಡಿನ ಒಳಗೆ ಕೂರಿಸುವುದೋ, ಗೂಡಿನ ಹೊರಗೆ ಕೋಣೆಯ ಗೋಡೆಯ ಮೇಲೋ ಎಂದು ಮೊದಲು ನಿರ್ಧರಿಸಿ.

ಒಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಕೆಂಪುಕಲ್ಲಿನ ಗೋಡೆಗೆ ಕೈಯಿಂದ ಗಾರೆ ಮಾಡಿದ ಮೇಲೆ ಮೂರೂ ಒಂದೇ ಬರುವುದು ಅಪರೂಪ. ಅತಿ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಎತ್ತರವನ್ನೂ ಮೂರು ಕಡೆ ನೋಡಿ. ಮೊದಲು ಅಗಲ, ಆಮೇಲೆ ಎತ್ತರ ಬರೆಯುವುದು ವಾಡಿಕೆ. ಅಂಗಡಿಯಲ್ಲಿ ಕೊಡುವಾಗ "ಇದು ಗೂಡಿನ ಅಳತೆ, ನಾನು ಏನೂ ಕಳೆದಿಲ್ಲ" ಎಂದು ಬಾಯಿಬಿಟ್ಟು ಹೇಳಿ. ನೀವೂ ಸ್ವಲ್ಪ ಕಳೆದು, ಅವರೂ ಕಳೆದರೆ ಎರಡೂ ಬದಿ ಬಿಸಿಲಿನ ಗೆರೆ ಬೀಳುತ್ತದೆ. ರೋಲರ್‌ನಲ್ಲಿ ಹೇಗೂ ಬಟ್ಟೆ ಬ್ರಾಕೆಟ್‌ಗಿಂತ ಸ್ವಲ್ಪ ಕಿರಿದೇ ಇರುತ್ತದೆ.

ಹೊರಗೆ ಹಾಕುವುದಾದರೆ ಎರಡೂ ಬದಿ ಮೂರು ಇಂಚು, ಮೇಲೆ ಕೆಳಗೆ ಮೂರು ಇಂಚು ಸೇರಿಸಿ. ಮಲಗುವ ಕೋಣೆಗೆ ಇದೇ ವಾಸಿ.

ಇನ್ನೊಂದು ಮಾತು, ಸೊಳ್ಳೆ ಬಲೆ. ನಮ್ಮ ಕಿಟಕಿಗಳಲ್ಲಿ ಗಾಜಿನ ಬಾಗಿಲು ಹೊರಗೆ ತೆರೆಯುತ್ತದೆ, ಬಲೆಯ ಬಾಗಿಲು ಹಲವು ಮನೆಗಳಲ್ಲಿ ಒಳಗೆ ತೆರೆಯುತ್ತದೆ. ಅಕ್ಕನ ಮನೆಯಲ್ಲಿ ಬ್ಲೈಂಡ್ ಕೂರಿಸಿದ ಸಂಜೆಯೇ ಬಲೆಯ ಬಾಗಿಲು ರೋಲರಿಗೆ ತಾಗಿ ಅರ್ಧಕ್ಕೆ ನಿಂತಿತು. ಎಲ್ಲವನ್ನೂ ಬಿಚ್ಚಿ ನಾಲ್ಕು ಇಂಚು ಮೇಲೆ ಕೂರಿಸಬೇಕಾಯಿತು. ಅಳೆಯುವಾಗಲೇ ಬಲೆಯ ಬಾಗಿಲನ್ನು ಪೂರ್ತಿ ತೆರೆದು ನೋಡಿ.

ಬೆಲೆಯ ಲೆಕ್ಕ

ಬೆಲೆ ಚದರಡಿಗೆ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿ ಎಂದರೆ 18 ಚದರಡಿ. ಲೆಕ್ಕ ಸುಲಭವಾಗಲಿ ಎಂದು ಚದರಡಿಗೆ 100 ರೂಪಾಯಿ ಇಟ್ಟುಕೊಂಡರೆ 1800. ಅದನ್ನೇ ಹೊರಗೆ ಹಾಕಿಸಿದರೆ ನಾಲ್ಕೂವರೆಗೆ ಐದು ಅಡಿ, 22.5 ಚದರಡಿ, 2250 ರೂಪಾಯಿ. ಜಿಎಸ್‌ಟಿ, ಫಿಟ್ಟಿಂಗ್ ಕೂಲಿ, ಸಾಗಾಟ ಸೇರಿದೆಯೇ ಎಂದು ಕೇಳಿ. ಸಣ್ಣ ಕಿಟಕಿಗೂ ಕನಿಷ್ಠ ಇಷ್ಟು ಚದರಡಿ ಎಂದು ಬಿಲ್ ಮಾಡುವ ಅಂಗಡಿಗಳಿವೆ, ಅದನ್ನೂ ಕೇಳಿ. ಬಟ್ಟೆಯ ತುಂಡು ಮನೆಗೆ ತಂದು, ಸಂಜೆ ನಾಲ್ಕಕ್ಕೆ ಅದೇ ಕಿಟಕಿಗೆ ಹಿಡಿದು ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣ ಅಲ್ಲಿ ಬೇರೆಯೇ ಇರುತ್ತದೆ.

ಕೂರಿಸುವ ದಿನ

ಕೆಂಪುಕಲ್ಲಿಗೆ ಸ್ಕ್ರೂ ಹೊಡೆದರೆ ಪುಡಿ ಉದುರುತ್ತದೆ, ಕೆಲವು ತಿಂಗಳಲ್ಲಿ ಸಡಿಲ. ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲಿಗೇ ಡ್ರಿಲ್ ಮಾಡಿಸಿ, ಇಲ್ಲವೇ ಮರದ ದಾರಂದಕ್ಕೆ ಕೂರಿಸಲು ಹೇಳಿ. ಕಡಲ ಬದಿಯವರು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತಾವೇ ತಂದುಕೊಡಿ.

ಎಳೆಯುವ ಹಗ್ಗ, ಮಣಿಸರದ ಬಗ್ಗೆ ದಯವಿಟ್ಟು ಉದಾಸೀನ ಬೇಡ. ಜೋತುಬಿದ್ದ ಕುಣಿಕೆ ಆಡುವ ಮಗುವಿನ ಕತ್ತಿಗೆ ಸಿಕ್ಕಿ ಜೀವ ಹೋದ ಘಟನೆಗಳು ಲೋಕದಲ್ಲಿ ಹಲವು ಆಗಿವೆ. ಅಮೆರಿಕದಲ್ಲಿ 2018ರ ಕೊನೆಯಿಂದ ರೆಡಿಮೇಡ್ ಬ್ಲೈಂಡ್‌ಗಳಲ್ಲಿ ಮಕ್ಕಳ ಕೈಗೆ ಸಿಗುವಂಥ ಹಗ್ಗ ಇರಕೂಡದು ಎಂಬ ಸುರಕ್ಷತಾ ಮಾನದಂಡ ಬಂದಿದೆ. ಹಗ್ಗವಿಲ್ಲದ ಸ್ಪ್ರಿಂಗ್ ರೋಲರ್ ಸಿಕ್ಕರೆ ಅದನ್ನೇ ಕೊಳ್ಳಿ. ಮಣಿಸರ ಇದ್ದರೆ ಅದನ್ನು ಬಿಗಿಯಾಗಿ ಹಿಡಿದಿಡುವ ಕ್ಲಿಪ್ ಬರುತ್ತದೆ. ಫಿಟ್ಟಿಂಗ್‌ನವರು ಅದನ್ನು ಡಬ್ಬಿಯಲ್ಲೇ ಬಿಟ್ಟು ಹೋಗುವುದುಂಟು. ಅವರು ಹೊರಡುವ ಮೊದಲು ಗೋಡೆಗೆ ಹೊಡೆಸಿ. ಹಗ್ಗವಾದರೆ ಐದಡಿ ಎತ್ತರದಲ್ಲಿ ಕೊಕ್ಕೆ ಹಾಕಿಸಿ, ಸುತ್ತಿಡಿ. ತೊಟ್ಟಿಲು, ಮಂಚ, ಕುರ್ಚಿ ಆ ಕಿಟಕಿಯ ಪಕ್ಕ ಬೇಡ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಸಿಲು ಬಿದ್ದ ಹೊತ್ತು ನೋಡಿ ಎಲ್ಲ ರೋಲರನ್ನೂ ಪೂರ್ತಿ ಕೆಳಗೆ ಬಿಟ್ಟು, ಕಿಟಕಿ ತೆರೆದು, ಫ್ಯಾನ್ ಹಾಕಿ. ಅಕ್ಕ ಈಗ ಭಾನುವಾರ ಬೆಳಗ್ಗೆ ಹಾಗೆ ಮಾಡುತ್ತಾಳೆ. ಬಡಗು ಕೋಣೆಯದ್ದನ್ನು ಬಿಚ್ಚಿ, ಬೂಷ್ಟು ಹಿಡಿದ ಕೆಳಭಾಗ ಕತ್ತರಿಸಿ, ಅಟ್ಟದ ಸಣ್ಣ ಪಡು ಕಿಟಕಿಗೆ ಹಾಕಿಸಿದ್ದಾಳೆ. ಅಲ್ಲಿ ಅದು ಸರಿಯಾಗಿ ಕೂತಿದೆ.