ಎಕೋ ಪೆಡಲನ್ನೂ ನುಡಿಸಿ: ಸಿಡ್ ಬ್ಯಾರೆಟ್‌ನಿಂದ ಬೌಹೌಸ್‌ವರೆಗೆ

ಸೈಕೆಡೆಲಿಕ್ ರಾಕ್ ಇರಲಿ, ಗಾಥಿಕ್ ರಾಕ್ ಇರಲಿ, ಗಿಟಾರಿನ ಅರ್ಧ ಕೆಲಸ ಎಕೋದ್ದು. ಹೆಚ್ಚಿನವರು ಎಕೋ ಪೆಡಲನ್ನು (ಗಿಟಾರಿನ ಸದ್ದಿಗೆ ಮರುದನಿ ಕೊಡುವ ಪೆಟ್ಟಿಗೆ) ಒಮ್ಮೆ ಸೆಟ್ ಮಾಡಿ ಹಾಗೇ ಬಿಟ್ಟುಬಿಡುತ್ತಾರೆ. ಆ ಸದ್ದು ಬಾರದಿರುವುದಕ್ಕೆ ಮೊದಲ ಕಾರಣವೇ ಅದು. ಹಾಡು ನಡೆಯುತ್ತಿರುವಾಗ ಪೆಡಲಿನ ನಾಬ್‌ಗಳು ತಿರುಗುತ್ತಲೇ ಇರಬೇಕು.

ಕೇಂಬ್ರಿಜ್‌ನ ಸೈಕೆಡೆಲಿಕ್ ಗಿಟಾರಿಗ ಸಿಡ್ ಬ್ಯಾರೆಟ್ ಪಿಂಕ್ ಫ್ಲಾಯ್ಡ್‌ನಲ್ಲಿದ್ದದ್ದು 1968ರ ಏಪ್ರಿಲ್‌ವರೆಗೆ ಮಾತ್ರ. ತಂಡದ ಮೊದಲ ಆಲ್ಬಮ್ ಬಂದದ್ದು 1967ರ ಆಗಸ್ಟ್‌ನಲ್ಲಿ. ಆಮೇಲೆ ಒಬ್ಬನೇ ಮಾಡಿದ ಎರಡು ಆಲ್ಬಮ್‌ಗಳೂ 1970ರಲ್ಲೇ ಬಂದವು. ಇಷ್ಟು ಚಿಕ್ಕ ವೃತ್ತಿಜೀವನದ ಸದ್ದನ್ನು ಇಂದಿಗೂ ಜನ ಹುಡುಕುತ್ತಾರೆ. ಅವನ ಸಾಮಾನು ಸರಳ: ದುಂಡು ಕನ್ನಡಿಗಳನ್ನು ಅಂಟಿಸಿದ ಫೆಂಡರ್ ಎಸ್ಕ್ವೈರ್ ಗಿಟಾರ್, ತಂತಿಯ ಮೇಲೆ ಜಾರಿಸಲು ಜಿಪ್ಪೋ ಲೈಟರ್, ಇಟಲಿಯ ಬಿನ್ಸನ್ ಎಕೋರೆಕ್ ಎಂಬ ಎಕೋ ಯಂತ್ರ. ಎಸ್ಕ್ವೈರ್‌ಗೆ ಬ್ರಿಡ್ಜ್ (ತಂತಿಗಳು ಕೂರುವ ಬುಡ) ಹತ್ತಿರ ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಂತ). ನಿಮ್ಮ ಗಿಟಾರ್ ಯಾವುದೇ ಆಗಿರಲಿ, ಬ್ರಿಡ್ಜ್ ಪಿಕಪ್‌ಗೇ ಹಾಕಿ. ನೆಕ್ ಪಿಕಪ್‌ನ ದಪ್ಪ ಸದ್ದು ಎಕೋದೊಳಗೆ ಹೋದರೆ ಗಂಜಿಯಾಗುತ್ತದೆ.

ಎಕೋರೆಕ್‌ನಲ್ಲಿ ಟೇಪ್ ಇಲ್ಲ, ತಿರುಗುವ ಕಾಂತೀಯ ಡ್ರಮ್ ಇದೆ. ಅದರ ಸುತ್ತ ಸದ್ದನ್ನು ಮರಳಿ ಓದುವ ನಾಲ್ಕು ಹೆಡ್‌ಗಳು, ಸುಮಾರು 75, 150, 225, 300 ಮಿಲಿಸೆಕೆಂಡ್ ಅಂತರದಲ್ಲಿ. ಮಲ್ಟಿ-ಟ್ಯಾಪ್ (ಒಂದೇ ಸದ್ದಿಗೆ ಹಲವು ಅಂತರದ ಮರುದನಿ) ಇರುವ ಪೆಡಲಾದರೆ ಇವೇ ಅಂಕಿಗಳನ್ನು ಕೊಡಿ. ಇಲ್ಲದಿದ್ದರೆ 300 ಒಂದೇ ಸಾಕು, ಮರುದನಿ ಎಷ್ಟು ಸಲ ಬರಬೇಕೆಂದು ನಿರ್ಧರಿಸುವ ಫೀಡ್‌ಬ್ಯಾಕ್ ನಾಬ್ ಮೂರು ನಾಲ್ಕು ಮರುದನಿ ಕೇಳುವಷ್ಟಿರಲಿ. ತಾಳಕ್ಕೆ ಹೊಂದಿಸಬೇಕಿದ್ದರೆ 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿ. ಬರುವುದು ಒಂದು ಬೀಟಿನ ಮಿಲಿಸೆಕೆಂಡ್. 100 ಬಿಪಿಎಂನಲ್ಲಿ ಬೀಟ್ 600, ಅರ್ಧ ಬೀಟ್ 300.

ಪೆಡಲ್‌ಗಳ ಸಾಲು ಹೀಗಿರಲಿ: ಗಿಟಾರ್, ಫಜ್ (ಸದ್ದನ್ನು ಒರಟಾಗಿಸುವ ಪೆಡಲ್), ಫ್ಲ್ಯಾಂಜರ್ (ಸದ್ದನ್ನು ಸುಳಿಯಂತೆ ತಿರುಗಿಸುವ ಪೆಡಲ್), ಎಕೋ, ಕೊನೆಗೆ ಆ್ಯಂಪ್. ಫಜ್‌ನ ಮುಂಚೆ ಎಕೋ ಇಟ್ಟರೆ ಮರುದನಿಗಳೆಲ್ಲ ಫಜ್‌ನಲ್ಲಿ ಅರೆದುಹೋಗಿ ಒಂದೇ ಗೋಜಲು. ಆ್ಯಂಪ್ ಕೂಡ ಕ್ಲೀನ್ ಇರಬೇಕು. ಅದರಲ್ಲೇ ಡಿಸ್ಟಾರ್ಷನ್ ಬೇಕೆಂದರೆ ಎಕೋವನ್ನು ಆ್ಯಂಪ್ ಹಿಂದಿನ ಎಫೆಕ್ಟ್ಸ್ ಲೂಪ್‌ಗೆ (ಡಿಸ್ಟಾರ್ಷನ್ ಆದ ಮೇಲೆ ಪೆಡಲ್ ಸೇರಿಸುವ ಜಾಗ) ಸೇರಿಸಿ.

ಇನ್ನು ಲೈಟರ್. ಇಂಧನ ತುಂಬಿದ ಒಳಭಾಗವನ್ನು ತೆಗೆದಿಟ್ಟು, ಹೊರಕವಚವನ್ನಷ್ಟೇ ಮುಚ್ಚಳ ಮುಚ್ಚಿ ಹಿಡಿಯಿರಿ. ಚಪ್ಪಟೆ ಬದಿ 12ನೇ ಫ್ರೆಟ್‌ನ ಲೋಹದ ಪಟ್ಟಿಯ ನೇರ ಮೇಲೆ ಬರಬೇಕು. ಬೆರಳಿಡುವ ಹಾಗೆ ಪಟ್ಟಿಗಿಂತ ಹಿಂದೆ ಇಟ್ಟರೆ ಶ್ರುತಿ ತಗ್ಗುತ್ತದೆ. ಒತ್ತಬೇಡಿ. ಲೈಟರಿನ ಭಾರವಷ್ಟೇ ತಂತಿಯ ಮೇಲಿರಲಿ. ಟಕ್ ಎಂದು ಫ್ರೆಟ್‌ಗೆ ತಾಗಿದ ಸದ್ದು ಬಂದರೆ ಭಾರ ಹೆಚ್ಚಾಯಿತು ಅಥವಾ ತಂತಿ ತೀರಾ ಕೆಳಗಿದೆ ಎಂದರ್ಥ. .011ರ ಸೆಟ್ (ಅತಿ ತೆಳು ತಂತಿಯ ದಪ್ಪ .011 ಇಂಚು) ಹಾಕಿದರೆ ತಂತಿ ಬಿಗಿಯಾಗಿ ನಿಲ್ಲುತ್ತದೆ. ಲೈಟರಿನ ಹಿಂದೆ ತಂತಿಗಳಿಗೆ ಒಂದು ಬೆರಳು ಹಗುರವಾಗಿ ತಾಗಿರಲಿ, ಇಲ್ಲವಾದರೆ ಆ ಬದಿಯೂ ಗುಂಯ್‌ಗುಡುತ್ತದೆ. ಪಿಕ್‌ನಿಂದ ತಂತಿಯನ್ನು ಒಮ್ಮೆ ಮೀಟಿ, ನಿಧಾನ ಮೇಲೆ ಜಾರಿಸಿ, ನಿಲ್ಲಿಸಿ. ನಿಲ್ಲಿಸುವುದೇ ಮುಖ್ಯ, ಏಕೆಂದರೆ ಮರುದನಿಗೆ ಜಾಗ ಬೇಕು. ಬಿಡುವಿಲ್ಲದೆ ಜಾರಿಸುತ್ತಿದ್ದರೆ ಎಕೋ ಇದ್ದೂ ಇಲ್ಲದಂತೆ.

ಮರುದನಿಯ ಅಂತರ ಬದಲಿಸುವ ಟೈಮ್ ನಾಬ್‌ನ ಆಟ ಅನಲಾಗ್ ಪೆಡಲ್‌ನಲ್ಲಿ ಅಥವಾ ಡಿಜಿಟಲ್‌ನ ಟೇಪ್ ಮೋಡ್‌ನಲ್ಲಿ ಚೆನ್ನ. ಮರುದನಿ ಸುತ್ತುತ್ತಿರುವಾಗ ಸಮಯ ಕಡಿಮೆ ಮಾಡಿದರೆ ಶ್ರುತಿ ಏರುತ್ತದೆ, ಹೆಚ್ಚಿಸಿದರೆ ಇಳಿಯುತ್ತದೆ. ಕ್ಲೀನ್ ಡಿಜಿಟಲ್ ಮೋಡ್‌ನಲ್ಲಿ ಚಟಚಟ ಎಂದು ತುಂಡಾಗುವುದೇ ಹೆಚ್ಚು.

ಫೀಡ್‌ಬ್ಯಾಕ್ ನಾಬ್ ಸುಮಾರು 3 ಗಂಟೆಯ ಜಾಗ ದಾಟಿದ ಮೇಲೆ ಪ್ರತಿ ಮರುದನಿಯೂ ಹಿಂದಿನದಕ್ಕಿಂತ ದೊಡ್ಡದಾಗಬಹುದು. ಆಗ ಪೆಡಲ್ ತಾನಾಗಿಯೇ ಊಳಿಡಲು ಶುರುಮಾಡುತ್ತದೆ. ನೀವು ಏನೂ ನುಡಿಸದಿದ್ದರೂ ಬರೀ ಹಿಸ್ ಶಬ್ದವೇ ಬೆಳೆದು ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಇದನ್ನು ಖಂಡಿತ ಮಾಡಬೇಡಿ. ಮೊದಲು ಆ್ಯಂಪ್ ತಗ್ಗಿಸಿ, ಫೀಡ್‌ಬ್ಯಾಕ್ ಪೂರ್ತಿ ಏರಿಸಿ, ಆ ಊಳಿಗೇ ಸಹ್ಯವಾಗುವಷ್ಟು ವಾಲ್ಯೂಮ್ ಗುರುತು ಮಾಡಿಕೊಳ್ಳಿ. ಹಾಡಿನಲ್ಲಿ ಎರಡು ಮೂರು ಸೆಕೆಂಡ್ ಮೇಲೇಳಲು ಬಿಟ್ಟು, ಸ್ಪೀಕರ್ ಹರಿದಂತೆ ಕೇಳುವ ಮುಂಚೆಯೇ 12 ಗಂಟೆಯ ಜಾಗಕ್ಕೆ ತನ್ನಿ. ಕೈ ತಡವಾಗುವುದು ಸಹಜ. ಅದಕ್ಕೇ ಇದೊಂದನ್ನೇ ಬೇರೆಯಾಗಿ ಅಭ್ಯಾಸ ಮಾಡಬೇಕು.

ನಾರ್ಥಾಂಪ್ಟನ್‌ನ ಗಾಥಿಕ್ ರಾಕ್ ತಂಡ ಬೌಹೌಸ್ 1979ರ ಜನವರಿ 26ರಂದು ವೆಲಿಂಗ್‌ಬರೋದ ಬೆಕ್ ಸ್ಟುಡಿಯೋದಲ್ಲಿ 'ಬೇಲಾ ಲುಗೋಸೀಸ್ ಡೆಡ್' ರೆಕಾರ್ಡ್ ಮಾಡಿತು. ಒಂಬತ್ತು ನಿಮಿಷ ಮೀರಿದ ಹಾಡು. ಕೆವಿನ್ ಹ್ಯಾಸ್ಕಿನ್ಸ್‌ನ ಬೋಸಾ ನೋವಾ ಡ್ರಮ್, ಡೇವಿಡ್ ಜೆಯ ಇಳಿಯುತ್ತ ಹೋಗುವ ಬೇಸ್, ಅವುಗಳ ಮೇಲೆ ಡೇನಿಯಲ್ ಆ್ಯಶ್‌ನ ಗಿಟಾರ್ ಕೆರೆತ. ಎಕೋ ತುಂಬಿದ ಜಮೈಕಾದ ಡಬ್ ಸಂಗೀತದಂತೆ ಇಲ್ಲಿ ಎಕೋ ಹಾಡಿನ ಗೋಡೆಗಳನ್ನೇ ದೂರ ತಳ್ಳುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಪಡೆಯಲು ಎಕೋವನ್ನು ಟ್ರ್ಯಾಕ್ ಮೇಲೆ ಹಾಕಬೇಡಿ, ಸೆಂಡ್‌ನಲ್ಲಿ (ಟ್ರ್ಯಾಕಿನ ಸದ್ದಿನ ಒಂದು ಪಾಲನ್ನು ಬೇರೆ ಚಾನೆಲ್‌ಗೆ ಕಳಿಸುವ ದಾರಿ) ಇಡಿ, ಮಿಕ್ಸ್ 100 ಪರ್ಸೆಂಟ್ ಎಕೋ. 300 ಹರ್ಟ್ಸ್‌ಗಿಂತ ಕೆಳಗಿನದನ್ನೂ 3,000ಕ್ಕಿಂತ ಮೇಲಿನದನ್ನೂ ಕತ್ತರಿಸಿ. ಇಲ್ಲದಿದ್ದರೆ ಬೇಸ್ ಮುಚ್ಚಿಹೋಗುತ್ತದೆ. 120 ಬಿಪಿಎಂಗೆ 375 ಮಿಲಿಸೆಕೆಂಡ್, ಅಂದರೆ ಮುಕ್ಕಾಲು ಬೀಟ್, ಚೆನ್ನಾಗಿ ಕೂರುತ್ತದೆ. ಹಾಡು ಓಡುತ್ತಿರುವಾಗ ಸ್ನೇರ್ ಡ್ರಮ್‌ನ ಸೆಂಡ್ ಫೇಡರನ್ನು ಬೆರಳಿನಿಂದಲೇ ಏರಿಸಿ ಇಳಿಸಿ, ಆ ಚಲನೆಯನ್ನೇ ಆಟೋಮೇಷನ್ ಆಗಿ ದಾಖಲಿಸಿ. ಪ್ರತಿ ಹೊಡೆತಕ್ಕೂ ಬೇಡ. ನಾಲ್ಕು ಬಾರ್‌ಗೆ ಒಂದು ಸ್ನೇರ್ ಸಾಕು, ಕೆಲವೊಮ್ಮೆ ಎಂಟಕ್ಕೆ ಒಂದು.

ಗಿಟಾರಿನವರು ಇಲ್ಲಿ ಕಾರ್ಡ್ ಹಿಡಿಯುವುದಕ್ಕಿಂತ ಪಿಕ್‌ನ ಅಂಚನ್ನು ಆರನೇ (ಅತಿ ದಪ್ಪದ) ತಂತಿಯ ಸುತ್ತಿನ ಮೇಲೆ ಬ್ರಿಡ್ಜ್‌ನಿಂದ ನೆಕ್‌ವರೆಗೆ ನಿಧಾನ ಎಳೆಯುವುದು ಒಳ್ಳೆಯದು. ಎಳೆಯುವ ಮುಂಚೆ ಗಿಟಾರ್ ವಾಲ್ಯೂಮ್ ಸೊನ್ನೆ, ಎಳೆಯುತ್ತ ಕಿರುಬೆರಳಿನಿಂದ ಏರಿಸಿ, ಮುಗಿಯುವಷ್ಟರಲ್ಲಿ ಮತ್ತೆ ಸೊನ್ನೆ. ಆಮೇಲೆ ಕೇಳುವುದೆಲ್ಲ ಎಕೋದ್ದೇ. ಅದು ಪೂರ್ತಿ ಆರುವವರೆಗೆ ತಂತಿ ಮುಟ್ಟಬೇಡಿ.