ತಾರಸಿಯ ಕಳ್ಳಿ ಗಿಡಗಳು: ಬೇರು ನೋಡದೆ ನೀರು ಹಾಕಬೇಡಿ

ಅಮೆರಿಕದ ಸೊನೊರಾ ಮರುಭೂಮಿಯ ಟೂಸಾನ್ ಊರಿಗೆ ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ. ಬೆಂಗಳೂರಿಗೆ ಅದರ ಮೂರು ಪಟ್ಟು, ಅದೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜಾಸ್ತಿ. ಆ ಕಡೆಯ ಕಳ್ಳಿಗಳು ಇಲ್ಲಿ ಒಣಗಿ ಸಾಯುವುದು ಅಪರೂಪ, ಕೊಳೆತು ಸಾಯುವುದೇ ಹೆಚ್ಚು. ಆದರೂ ನಮ್ಮೂರಿಗೆ ಒಂದು ದೊಡ್ಡ ಅನುಕೂಲವಿದೆ. ಕಳ್ಳಿ ಜಾತಿಯ ಗಿಡಗಳು ಎಲೆರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ರಾತ್ರಿ, ತಂಪಾದ ಮೇಲೆ. ಏಪ್ರಿಲ್-ಮೇನಲ್ಲೂ ಇಲ್ಲಿ ರಾತ್ರಿ 21-22 ಡಿಗ್ರಿಗೆ ಇಳಿಯುವುದರಿಂದ ಗಿಡ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ನೀರನ್ನು ಸಂಜೆ ಹಾಕುತ್ತೇನೆ.

ಮಣ್ಣಿಗೆ ನನ್ನ ಲೆಕ್ಕ ಇದು: ಇಟ್ಟಿಗೆ ಚೂರು 5 ಪಾಲು, ತೊಳೆದ ದಪ್ಪ ಮರಳು 2 ಪಾಲು, ಇದ್ದಿಲು ಚೂರು 1 ಪಾಲು, ಹಳೆಯ ಎರೆಗೊಬ್ಬರ 2 ಪಾಲು. ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು 3ರಿಂದ 6 ಮಿ.ಮೀ. ಗಾತ್ರದ್ದನ್ನು ಮಾತ್ರ ಇಟ್ಟುಕೊಳ್ಳಿ. ಪುಡಿ ಉಳಿದರೆ ಕುಂಡದ ತಳದಲ್ಲಿ ಕೆಸರಾಗಿ ಕೂತು ನೀರು ಇಳಿಯಲು ಬಿಡುವುದಿಲ್ಲ. ಎಂ-ಸ್ಯಾಂಡ್ ಹಾಕುವುದಾದರೆ ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ, ಅದರ ನುಣುಪು ಧೂಳು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಸಿಕ್ಕಷ್ಟು ದಿನ ಮಳೆನೀರನ್ನೇ ಬಳಸಿ.

ನೀರು ಯಾವಾಗ? ಪೂಜೆಗೆ ಹಚ್ಚಿ ಮುಗಿದ ಊದುಬತ್ತಿಯ ಬಿದಿರುಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ತೆಗೆದಾಗ ತೇವ ಅಂಟಿದ್ದರೆ ಇನ್ನೊಂದು ವಾರ ಕಾಯಿರಿ. ಮಳೆಗಾಲಕ್ಕೆ ಮೇಲೆ 200 ಮೈಕ್ರಾನ್ ಪಾಲಿಥೀನ್ ಹೊದಿಕೆ ಹಾಕಿ, ಪಕ್ಕಗಳನ್ನು ಪೂರ್ತಿ ತೆರೆದಿಡಿ. ಗಾಳಿಯಾಡದ ಹೊದಿಕೆ ಮಳೆಗಿಂತ ಕೆಟ್ಟದ್ದು. ಬೆಣಚುಕಲ್ಲಿನ ಹಾಗೆ ಕಾಣುವ ಜೋಡಿ ಎಲೆಯ ಪುಟ್ಟ ಗಿಡ ಲಿಥಾಪ್ಸ್‌ನದು ಬೇರೆಯೇ ದಾರಿ: ಹಳೆಯ ಜೋಡಿ ಎಲೆ ಪೂರ್ತಿ ಒಣಗಿ ಕಾಗದದ ಹಾಗಾಗುವ ತನಕ ಹನಿ ನೀರೂ ಬೇಡ.

ಇನ್ನು ಕೀಟ. ಅತಿ ಹೆಚ್ಚು ಗಿಡ ತಿನ್ನುವುದು ಕಣ್ಣಿಗೆ ಬೀಳದ ಬೇರಿನ ಹಿಟ್ಟುತಿಗಣೆ. ಬಿಸಿಲು, ನೀರು ಎರಡೂ ಸರಿಯಿದ್ದೂ ಗಿಡ ತಿಂಗಳುಗಟ್ಟಲೆ ಬೆಳೆಯದೆ ನಿಂತರೆ ಕುಂಡದಿಂದ ಎತ್ತಿ ನೋಡಿ. ಕುಂಡದ ಒಳಗೋಡೆಗೆ, ಬೇರಿನ ಗಂಟಿಗೆ ಸುಣ್ಣ ಬಳಿದಂತೆ ಬಿಳಿ ಪುಡಿ ಕಂಡರೆ ಅದೇ. ಮಣ್ಣನ್ನೆಲ್ಲ ಉದುರಿಸಿ ಎಸೆಯಿರಿ, ಬೇರನ್ನು ರಭಸದ ನೀರಲ್ಲಿ ತೊಳೆಯಿರಿ, ಕಪ್ಪಾದದ್ದನ್ನು ಕತ್ತರಿಸಿ. ಲೀಟರ್ ನೀರಿಗೆ ಅರ್ಧ ಮಿ.ಲೀ. ಇಮಿಡಾಕ್ಲೋಪ್ರಿಡ್ ಕೀಟನಾಶಕ (17.8 ಎಸ್‌ಎಲ್) ಬೆರೆಸಿ, ಕೈಗವಸು ಹಾಕಿಕೊಂಡು, ಬೇರನ್ನು 15 ನಿಮಿಷ ಅದ್ದಿ. ಹೂ ಬಿಟ್ಟ ಗಿಡಕ್ಕೆ ಬೇಡ, ಜೇನುಹುಳು ಬರುತ್ತವೆ. ನೆರಳಲ್ಲಿ ಹತ್ತು ದಿನ ಒಣಗಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಮತ್ತೊಂದು ವಾರ ನೀರಿಲ್ಲದೆ ಬಿಡಿ. ಗಾಯ ಮಾಗುವ ಮೊದಲು ನೀರು ಸೋಕಿದರೆ ಕೊಳೆ ಅಲ್ಲಿಂದಲೇ ಶುರು. ಇರುವೆಗಳು ಈ ತಿಗಣೆಯ ಸಿಹಿ ದ್ರವದ ಆಸೆಗೆ ಅದನ್ನು ಕುಂಡದಿಂದ ಕುಂಡಕ್ಕೆ ಹೊತ್ತೊಯ್ಯುತ್ತವೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಅದನ್ನು ಮಾಡದೆ ಎಷ್ಟು ಔಷಧ ಹಾಕಿದರೂ ದಂಡ.

ಗಿಡದ ಮೈಮೇಲಿನ ಹಿಟ್ಟುತಿಗಣೆಗೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕುಂಚ ಸಾಕು, ಸೂರ್ಯ ಮುಳುಗಿದ ಮೇಲೆ. ಬೂದಿಯಂಥ ಮೇಣದ ಪೊರೆಯಿರುವ ಗಿಡಗಳಿಗೆ ಬೇವಿನೆಣ್ಣೆ ಹೊಡೆಯಬೇಡಿ, ಹೋದ ಪೊರೆ ಮತ್ತೆ ಬರುವುದಿಲ್ಲ. ಒಂದು ಎಚ್ಚರಿಕೆ: ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಮೈತುಂಬ ಬಿಳಿ ಎಳೆ ಹೊತ್ತು ಥೇಟ್ ಹಿಟ್ಟುತಿಗಣೆಯ ಹಾಗೇ ಕಾಣುತ್ತದೆ. ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡುತ್ತದೆ. ಅದು ತಿಗಣೆಯನ್ನೇ ತಿಂದು ಬದುಕುವ ನೆಂಟ, 1898ರಲ್ಲಿ ಭಾರತಕ್ಕೆ ತಂದದ್ದು. ದಯವಿಟ್ಟು ಕೊಲ್ಲಬೇಡಿ.

ಫೆಬ್ರವರಿಯಿಂದ ಮೇವರೆಗೆ ತುದಿಯ ಸುತ್ತ ತುಕ್ಕು ಬಣ್ಣದ ಗಡಸು ಕಲೆ ಹಬ್ಬಿದರೆ ಅದು ಕೆಂಪು ನುಸಿ. ಇಮಿಡಾಕ್ಲೋಪ್ರಿಡ್ ಇದಕ್ಕೆ ನಾಟುವುದಿಲ್ಲ. ನೀರಿನಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್), ಲೀಟರಿಗೆ 2 ಗ್ರಾಂ, ಸಂಜೆ. ಬಿಸಿಲು ಸುಡುವ ದಿನ ಹೊಡೆದರೆ ಗಿಡವೇ ಸುಡುತ್ತದೆ.

ಪಾಪಾಸುಕಳ್ಳಿಯ ಮೇಲೆ ಹತ್ತಿಯಂಥ ಉಂಡೆ ಕಂಡು, ಹಿಸುಕಿದರೆ ಬೆರಳು ಕಡುಗೆಂಪಾದರೆ ಅದು ಕೊಚಿನಿಯಲ್, ಕೆಂಪು ಬಣ್ಣ ತೆಗೆಯಲು ಸಾಕುತ್ತಿದ್ದ ಹುಳುವಿನ ಕುಲ. 1795ರಲ್ಲಿ ಬಣ್ಣದ ವ್ಯಾಪಾರಕ್ಕೆಂದು ಬ್ರೆಜಿಲ್‌ನಿಂದ ಭಾರತಕ್ಕೆ ತರಿಸಿದಾಗ ಒಳ್ಳೆಯ ಬಣ್ಣದ ಜಾತಿಯ ಬದಲು ಬಂದದ್ದು ಬೇರೆ ಜಾತಿ. ಬಣ್ಣ ಕೈಗೂಡಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಕಾಡುಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಇನ್ನೊಂದು ಜಾತಿಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಕೊಚಿನಿಯಲ್ ತರಬೇಕಾಯಿತು. ಅಷ್ಟು ಜಾತಿನಿಷ್ಠೆ ಈ ಹುಳುಗಳದ್ದು. ಹಾಗಾಗಿ ಪಾಪಾಸುಕಳ್ಳಿಗೆ ಹತ್ತಿದ್ದು ಪಕ್ಕದ ಗುಂಡುಕಳ್ಳಿಗೂ ಹತ್ತೀತೆಂದು ಇಡೀ ತಾರಸಿಗೆ ಔಷಧ ಸುರಿಯಬೇಕಿಲ್ಲ.

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಕೊಂಡ ಗಿಡಗಳು ಬಹುತೇಕ ಬರೀ ಕೋಕೋಪೀಟ್‌ನಲ್ಲಿರುತ್ತವೆ. ಅದು ಒದ್ದೆಯಾದರೆ ವಾರಗಟ್ಟಲೆ ಒಣಗದು, ಒಣಗಿದರೆ ನೀರೇ ಹೀರದು. ಜನವರಿಯಲ್ಲಿ ತಂದ ಗಿಡದ ಮಣ್ಣನ್ನು ಫೆಬ್ರವರಿ ಕೊನೆಗೆ ಬದಲಿಸಿ. ಆಗಸ್ಟಿನದನ್ನು ಹೊದಿಕೆಯ ಕೆಳಗಿಟ್ಟು ಮಣ್ಣನ್ನು ಕೂಡಲೇ ಬದಲಿಸಿ, ಅಕ್ಟೋಬರ್ ಮಳೆಗೆ ಕಾಯಿಸಬೇಡಿ. ಯಾವುದೇ ಇರಲಿ, ಒಂದು ತಿಂಗಳು ಉಳಿದವುಗಳಿಂದ ದೂರವಿಟ್ಟು, ಬೇರು ನೋಡಿಯೇ ಸಾಲಿಗೆ ಸೇರಿಸಿ.